ಒಂದೇ ಕುಂಡಕ್ಕೆ ಎರಡನ್ನೂ ಹಾಕಬೇಡಿ

ಟೊಮೆಟೊ ಬುಡಕ್ಕೆ ಬೆಳ್ಳುಳ್ಳಿ ಊರಿದರೆ ಹುಳ ಹತ್ತುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಬೆಂಗಳೂರಿನ ನಮ್ಮ ಬೀದಿಯ ತಾರಸಿಗಳಲ್ಲಿ ಎರಡೂ ಒಂದೇ ಕುಂಡಕ್ಕೆ ಬಿದ್ದವು. ಫೆಬ್ರುವರಿಯಲ್ಲಿ ಗೋಳು ಶುರು. ಕಾಯಿ ಹೊತ್ತ ಟೊಮೆಟೊ ನೀರು ನೀರು ಎನ್ನುವ ಹೊತ್ತಿಗೇ ಬೆಳ್ಳುಳ್ಳಿಗೆ ನೀರು ನಿಲ್ಲಿಸಬೇಕು. ಬೇರೆ ಬೇರೆ ಕುಂಡ ಇಡಿ.

ಬೆಳ್ಳುಳ್ಳಿ ನಾಟಿ ಅಕ್ಟೋಬರ್-ನವೆಂಬರ್‌ನಲ್ಲಿ. ಗದಗದ ಕಡೆ ಮಳೆಗಾಲದಲ್ಲೂ ಹಾಕುತ್ತಾರೆ, ತಾರಸಿಗೆ ಚಳಿಗಾಲವೇ ವಾಸಿ. ಸಂತೆಯಿಂದ ನಮ್ಮ ಊರ ತಳಿಯ ಗಡ್ಡೆ ತನ್ನಿ. ತಂಪು ದೇಶದ ದಪ್ಪ ತಳಿಗಳು ನಮ್ಮ ಗಿಡ್ಡ ಹಗಲಿಗೆ ಗಡ್ಡೆ ಕಟ್ಟದೆ ಬರೀ ಸೊಪ್ಪು ಬೆಳೆದು ಸುಮ್ಮನಾಗುತ್ತವೆ. ಹೊರಸುತ್ತಿನ ದಪ್ಪ ಎಸಳನ್ನು ಸಿಪ್ಪೆ ಸಮೇತ, ಚೂಪು ತುದಿ ಮೇಲಾಗಿ, 1 ಅಂಗುಲ ಆಳಕ್ಕೆ, 4 ಅಂಗುಲಕ್ಕೊಂದರಂತೆ ಊರಿ. ನಡುವಿನ ಸಣಕಲು ಒಗ್ಗರಣೆಗೆ.

ಟೊಮೆಟೊ ಸಸಿ 25 ದಿನದ್ದಾದರೆ ಸಾಕು. ಕೆಳಗಿನ ಎಲೆ ಚಿವುಟಿ, ಕಾಂಡದ ಅರ್ಧ ಮಣ್ಣಿನೊಳಗೆ ಹೋಗುವಂತೆ ಸಂಜೆ ನೆಡಿ. ಹೂತ ಕಾಂಡದಲ್ಲೂ ಬೇರು ಬರುತ್ತದೆ. ಊರುಗೋಲು ಅಂದೇ ನೆಡಿ, ಆಮೇಲೆ ಚುಚ್ಚಿದರೆ ಬೇರಿಗೆ ಪೆಟ್ಟು. ತಳಿ ಕೇಳಿದರೆ ನನ್ನದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್. ಎಲೆ ಮುದುರು, ಸೊರಗು, ಅಂಗಮಾರಿ ಮೂರು ರೋಗಗಳನ್ನೂ ತಡೆದುಕೊಳ್ಳುತ್ತದೆ.

ಎಲ್ಲರೂ ಎಡವುವುದು ನೀರಿನಲ್ಲಿ. ಪಕ್ಕದ ಮನೆಯವರು ಮದುವೆಗೆಂದು 3 ದಿನ ಊರಿಗೆ ಹೋದರು, ಬಂದವರೇ ಕನಿಕರಪಟ್ಟು ಗಿಡಕ್ಕೊಂದು ಬಕೆಟ್ ಸುರಿದರು. ಮರುದಿನ ಹಣ್ಣೆಲ್ಲ ತೊಟ್ಟಿನ ಸುತ್ತ ಬಿರುಕು. ವಾರದಲ್ಲಿ ಉಳಿದ ಕಾಯಿಗಳ ತಳ ಕಪ್ಪಾಗಿ, ಚರ್ಮದಂತೆ ಒಳಗೆ ಕುಸಿಯಿತು. ರೋಗವೆಂದು ಔಷಧ ಹೊಡೆದರು. ಅದು ರೋಗವಲ್ಲ. ಕಾಯಿಗೆ ಸುಣ್ಣದಂಶ ಹೋಗುವುದು ನೀರಿನ ಜೊತೆಗೇ. ನೀರು ಏರುಪೇರಾದರೆ ಮಣ್ಣಿನಲ್ಲಿ ಎಷ್ಟಿದ್ದರೂ ಕಾಯಿಗೆ ತಲುಪದು. ಮೊಟ್ಟೆ ಚಿಪ್ಪು ಹಾಕಿದರೂ ಕರಗಲು ತಿಂಗಳುಗಟ್ಟಲೆ ಬೇಕು. ಬೆಳಿಗ್ಗೆ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ. ತುದಿಗೆ ತೇವ ಹತ್ತದಿದ್ದರೆ ತಳದ ತೂತಿನಿಂದ ನೀರು ಇಣುಕುವಷ್ಟು ಹಾಕಿ. ಮೇಲೆ ಒಣ ತರಗೆಲೆ ಹೊದಿಸಿ. ಏಪ್ರಿಲ್ ಬಿಸಿಲಿಗೆ 2 ಹೊತ್ತೂ ಬೇಕಾದೀತು. ಬರೀ ತೆಂಗಿನ ನಾರಿನ ಪುಡಿ ತುಂಬಿ ‘ರೆಡಿ ಮಿಶ್ರಣ’ ಎಂದು ಮಾರುವ ಚೀಲ ಮುಟ್ಟಬೇಡಿ. ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ಕೆಸರು. ಅರ್ಧ ಕೆಂಪು ಮಣ್ಣು ಇರಲೇಬೇಕು. ಹೂ ಹೆಚ್ಚಿಸುವ ಪುಟ್ಟ ಬಾಟಲಿಗಳೂ ದಂಡ.

ಬೆಳ್ಳುಳ್ಳಿಯ ಎಲೆ ತುದಿಯಿಂದ ಹಳದಿಯಾಗಿ ಬಾಗತೊಡಗಿದರೆ ನೀರು ಬಂದ್. 10-15 ದಿನ ಬಿಟ್ಟು, ಪಕ್ಕದಿಂದ ಮಣ್ಣು ಸಡಿಲಿಸಿ ಎತ್ತಿ. ಜುಟ್ಟು ಹಿಡಿದೆಳೆದರೆ ಸೊಪ್ಪು ಕೈಗೆ, ಗಡ್ಡೆ ಮಣ್ಣಿಗೆ. ತೊಳೆಯಬೇಡಿ. ಎಲೆ ಸಮೇತ ಜಡೆ ಹೆಣೆದು ನೆರಳಿನಲ್ಲಿ, ಗಾಳಿಯಾಡುವಲ್ಲಿ ತೂಗುಹಾಕಿ.