ಆಯಿಯ ಜೊತೆ ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ದಿನ

ಕಳೆದ ನವೆಂಬರ್‌ನಲ್ಲಿ, ಅಂದರೆ 2025ರಲ್ಲಿ, ಆಯಿಯನ್ನು, ಅಂದರೆ ನನ್ನ ಅಮ್ಮನನ್ನು, ಕರೆದುಕೊಂಡು ವಿಯೆಟ್ನಾಂಗೆ ಹೋಗಿದ್ದೆ. ಆಯಿಗೆ ಈಗ ಅರವತ್ತೆಂಟು. ಮಂಡಿನೋವು ಇದೆ, ದೋಣಿಯ ಭಯ ಇಲ್ಲ. ಉತ್ತರ ಕನ್ನಡದ ಅಘನಾಶಿನಿ ಹೊಳೆಯ ದಂಡೆಯ ನಮ್ಮ ಊರಿನವರಿಗೆ ದೋಣಿ ಅಂದರೆ ಬಸ್ಸಿದ್ದ ಹಾಗೆ. ಹನೋಯ್‌ನಲ್ಲಿ ನಾಲ್ಕು ದಿನ ಇರುವ ಲೆಕ್ಕ ಹಾಕಿದ್ದೆವು. ಅದರಲ್ಲಿ ಒಂದು ದಿನ, ಕಡಲಿನಲ್ಲಿ ಸುಣ್ಣಕಲ್ಲಿನ ದ್ವೀಪಗಳು ಚದುರಿ ನಿಂತ ಹಾ ಲಾಂಗ್ ಕೊಲ್ಲಿಗೆ. ಹೋಗಿಬಂದ ಎಷ್ಟೋ ಜನ ‘ಒಂದೇ ದಿನದಲ್ಲಿ ಎಂತ ನೋಡೂಕೆ ಆಗ್ತದೆ? ರಾತ್ರಿ ಹಡಗಿನಲ್ಲೇ ಉಳೀಬೇಕು’ ಅಂದಿದ್ದರು. ಆಯಿಗೆ ಹೊಸ ಜಾಗದಲ್ಲಿ ನಿದ್ದೆ ಹತ್ತುವುದಿಲ್ಲ, ಅದಕ್ಕೇ ಒಂದು ದಿನದ್ದನ್ನೇ ಆರಿಸಿದೆ. ಅದನ್ನು ಸರಿಯಾಗಿ ಆರಿಸಿಕೊಳ್ಳುವುದು ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗವಾಗಬಹುದು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ದರದ್ದಲ್ಲ, ಊಟದ್ದೂ ಅಲ್ಲ. ನೀರಿನ ಮೇಲೆ ಎಷ್ಟು ಗಂಟೆ ಇರುತ್ತೇವೆ? ಹನೋಯ್‌ನಿಂದ ಹಾ ಲಾಂಗ್ ಸುಮಾರು 160 ಕಿಲೋಮೀಟರ್. ಹೊಸ ಹೆದ್ದಾರಿಯಲ್ಲೂ ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ ಹಿಡಿಯುತ್ತದೆ. ಮೊದಲು ನಾನು ಕಾದಿರಿಸಿದ್ದ ಟಿಕೆಟ್ಟಿನಲ್ಲಿ ದೋಣಿಯ ಪ್ರಯಾಣ ನಾಲ್ಕೇ ಗಂಟೆ ಎಂದು ಸಣ್ಣ ಅಕ್ಷರದಲ್ಲಿತ್ತು. ಅಂದರೆ ನೀರಿಗಿಂತ ರಸ್ತೆಯ ಮೇಲೆಯೇ ಹೆಚ್ಚು ಹೊತ್ತು! ಅದನ್ನು ರದ್ದು ಮಾಡಿ ಆರು ಗಂಟೆಯ ಹಾದಿಯದ್ದು ತೆಗೆದುಕೊಂಡೆ. ಸುಂಗ್ ಸೋಟ್ ಗುಹೆ, ಲುವನ್ ಗುಹೆ, ಟಿ ಟೋಪ್ ದ್ವೀಪ, ಈ ಮೂರು ಅದರಲ್ಲಿ ಸಿಗುತ್ತವೆ. ಊಟ, ಗೈಡು, ಬಸ್ಸು, ಪ್ರವೇಶ ಶುಲ್ಕ ಎಲ್ಲ ಸೇರಿ ಒಬ್ಬರಿಗೆ 45 ಡಾಲರ್ ಬಿತ್ತು. ವೀಸಾ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿದ್ದೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್.

ಹೊರಡುವ ಮೊದಲು ತಂಗಿ ಫೋನಿನಲ್ಲಿ ಒಂದೇ ಸಮನೆ ಬೇಡ ಅನ್ನುತ್ತಿದ್ದಳು. ಅವಳ ಹೆದರಿಕೆಗೆ ಕಾರಣವೂ ಇತ್ತು. ಆ ವರ್ಷದ ಜುಲೈ 19ರಂದು ಹಾ ಲಾಂಗ್‌ನಲ್ಲಿ ಹಠಾತ್ತನೆ ಎದ್ದ ಬಿರುಗಾಳಿಗೆ ಪ್ರವಾಸಿಗರ ದೋಣಿಯೊಂದು ಮಗುಚಿ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಬೇಸಿಗೆ-ಮಳೆಯ ತಿಂಗಳುಗಳಲ್ಲಿ ಅಲ್ಲಿ ಚಂಡಮಾರುತದ ಕಾಟ ಇರುತ್ತದೆ. ಅದಕ್ಕೇ ನವೆಂಬರ್ ಇಟ್ಟುಕೊಂಡೆ. ಆಗ ಆಕಾಶ ತಿಳಿ, ಬಿಸಿಲು ಹಿತ, ನೀರು ಕೆರೆಯಷ್ಟು ಶಾಂತ. ದೋಣಿ ಹತ್ತಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಲೈಫ್ ಜಾಕೆಟ್ ಎಲ್ಲಿವೆ ಎಂದು ನೋಡಿ, ಆಯಿಗೊಂದು ತೊಡಿಸಿ, ಪಟ್ಟಿಯ ಉದ್ದ ಸರಿಮಾಡಿದ್ದು. ಒಳಗಿನ ಕೋಣೆಯಲ್ಲಿ ಕೂರುವಾಗಲೂ ಬಾಗಿಲಿನ ಹತ್ತಿರದ ಮೇಜನ್ನೇ ಕೇಳಿ ಪಡೆದೆ. ಇದನ್ನು ಎಲ್ಲರೂ ಮಾಡಬೇಕು ಎಂದು ನನಗೆ ಅನ್ನಿಸುತ್ತದೆ.

ಬೆಳಿಗ್ಗೆ ಎಂಟಕ್ಕೆ ಬಸ್ಸು. ದಾರಿಯಲ್ಲಿ ಮುತ್ತಿನ ಅಂಗಡಿಯೊಂದರ ಮುಂದೆ ನಲವತ್ತು ನಿಮಿಷ ನಿಲ್ಲಿಸಿದರು, ಅಷ್ಟು ಹೊತ್ತು ನೀರಿನ ಮೇಲೆ ಇದ್ದಿದ್ದರೆ ಎಂದು ನನಗೆ ನಿಜವಾಗಿ ಬೇಜಾರಾಯಿತು. ಆದರೆ ಅದಾದ ಮೇಲೆ ಸಿಕ್ಕ ಬಾಕ್ ಡಾಂಗ್ ಸೇತುವೆಯ ಮೇಲೆ ಮನಸ್ಸು ತಿಳಿಯಾಯಿತು. ಕೆಳಗೆ ಅಗಲವಾದ ಕೆಸರು ಬಣ್ಣದ ಹೊಳೆ. 1288ರಲ್ಲಿ ಮಂಗೋಲರ ಹಡಗುಪಡೆಯನ್ನು ಸೇನಾಪತಿ ಟ್ರಾನ್ ಹುಂಗ್ ದಾವೊ ಇದೇ ಹೊಳೆಯಲ್ಲಿ ಸೋಲಿಸಿದ. ಹೊಳೆಯ ತಳದಲ್ಲಿ ಚೂಪು ಮಾಡಿದ ಮರದ ಗೂಟಗಳನ್ನು ನೆಟ್ಟು, ಉಬ್ಬರ ಇರುವಾಗ ಶತ್ರುಗಳನ್ನು ಒಳಗೆ ಸೆಳೆದು, ಇಳಿತ ಶುರುವಾದ ಮೇಲೆ ತಿರುಗಿ ಬಿದ್ದ. ನೀರು ಇಳಿದ ಹಾಗೆ ಹಡಗುಗಳು ಗೂಟಕ್ಕೆ ಸಿಕ್ಕಿಕೊಂಡವು. ಗೈಡ್ ಹುಡುಗಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಆಯಿಗೆ ಹೇಳಿದೆ. ಉಬ್ಬರ-ಇಳಿತ ನೋಡಿಯೇ ದೋಣಿ ಬಿಡುವ ಊರಿನವಳು ಆಯಿ. ಅವಳಿಗೆ ಯುದ್ಧದ ಉಪಾಯ ಅರ್ಧ ಮಾತಿನಲ್ಲೇ ತಿಳಿಯಿತು.

ಹನ್ನೆರಡಕ್ಕೆ ದೋಣಿ ಹೊರಟಿತು. ಊಟ ಕೂಡಲೇ ಬಡಿಸಿದರು. ಸಸ್ಯಾಹಾರಿಗಳಿಗೆ ಒಂದು ಮಾತು: ‘ವೆಜಿಟೇರಿಯನ್’ ಎಂದು ಕಾದಿರಿಸುವಾಗ ಬರೆದರೆ ಸಾಲದು. ಅಲ್ಲಿ ಮೀನಿನ ರಸದ ಸಾಸ್, ‘ನುವಕ್ ಮಾಮ್’ ಅನ್ನುತ್ತಾರೆ, ಪಲ್ಯಕ್ಕೂ ಹಾಕುತ್ತಾರೆ. ನಮ್ಮ ಮೇಜಿಗೆ ಬಂದ ಮೊದಲ ಸೊಪ್ಪಿನ ತಟ್ಟೆಯಲ್ಲೂ ಅದರ ವಾಸನೆ ಇತ್ತು. ‘ಅನ್ ಚಾಯ್’ ಅಂದರೆ ಅಲ್ಲಿಯ ಬೌದ್ಧರು ವ್ರತದ ದಿನ ಉಣ್ಣುವ ಊಟ. ಆ ಎರಡು ಪದ ಹೇಳಿದ ಮೇಲೆ ಅಡುಗೆಯವರು ತಾವಾಗಿಯೇ ತಟ್ಟೆ ಒಳಗೊಯ್ದು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ತೋಫು, ಬಿಳಿ ಅನ್ನ ತಂದುಕೊಟ್ಟರು. ಆಯಿ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಟ್ನಿಪುಡಿಯೂ ಜೊತೆಗಿತ್ತು.

ಊಟ ಮುಗಿಸಿ ಮೇಲಿನ ಡೆಕ್ಕಿಗೆ ಹತ್ತಿದೆವು. ಆಗ ಮೊದಲ ಸಾಲಿನ ಬಂಡೆಗಳು ಎರಡೂ ಕಡೆಯಿಂದ ಹತ್ತಿರ ಬಂದವು. ಆಯಿ ಕಂಬಿ ಹಿಡಿದು ನಿಂತವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಪ್ಪಿ, ಯಾಣವೇ ನೀರಲ್ಲಿ ಬಂದು ನಿಂತ್ಕಂಡಾಂಗೆ ಇದ್ದಲೋ!” ಅಂದಳು.

ನಿಜಕ್ಕೂ ಅದೇ. ಯಾಣದ ಭೈರವೇಶ್ವರ ಶಿಖರ ಕಾಡಿನ ಮಧ್ಯೆ 120 ಮೀಟರ್ ಎದ್ದು ನಿಂತಿದೆ, ಪಕ್ಕದ ಮೋಹಿನಿ ಶಿಖರ 90 ಮೀಟರ್. ಅವೂ ಸುಣ್ಣಕಲ್ಲೇ. ಹಾ ಲಾಂಗ್‌ನಲ್ಲಿ ಅಂಥವು ಸಾವಿರದ ಒಂಬೈನೂರಕ್ಕೂ ಹೆಚ್ಚು, 1,500 ಚದರ ಕಿಲೋಮೀಟರ್‌ಗೂ ಮಿಕ್ಕಿದ ನೀರಿನಲ್ಲಿ ಚದುರಿ ನಿಂತಿವೆ. ಹಿಂದೆ ಯಾವುದೋ ಕಾಲದಲ್ಲಿ ಇದೆಲ್ಲ ಆಳವಿಲ್ಲದ ಕಡಲಿನ ತಳ. ಸಮುದ್ರಜೀವಿಗಳ ಚಿಪ್ಪು ಕೋಟಿಗಟ್ಟಲೆ ವರ್ಷ ಪದರ ಪದರವಾಗಿ ಬಿದ್ದು ಕಲ್ಲಾಯಿತು. ನೆಲ ಮೇಲೆದ್ದ ಮೇಲೆ ಮಳೆನೀರು ಕೆಲಸ ಹಿಡಿಯಿತು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ, ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಬಿರುಕು ಕಣಿವೆಯಾಯಿತು, ಉಳಿದದ್ದು ಗೋಪುರವಾಯಿತು. ಕೊನೆಯ ಹಿಮಯುಗ ಮುಗಿದು ಸಮುದ್ರ ಏರಿದಾಗ ಕಣಿವೆಗಳಿಗೆಲ್ಲ ನೀರು ನುಗ್ಗಿ ಬೆಟ್ಟದ ತಲೆಗಳು ದ್ವೀಪಗಳಾದವು. 1994ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣ ಎಂದು ಸಾರಿದ್ದು ಚೆಲುವಿಗಾಗಿ. 2000ದಲ್ಲಿ ಈ ಭೂರಚನೆಗಾಗಿಯೂ ಮತ್ತೊಮ್ಮೆ ಮನ್ನಣೆ ಕೊಟ್ಟಿತು.

ಇದನ್ನೆಲ್ಲ ನಾನು ಆಯಿಗೆ ವಿವರಿಸುವಾಗ ಅವಳು ಕವಳದ ಸಂಚಿ ಬಿಚ್ಚಿದ್ದಳು. ವಿಯೆಟ್ನಾಮಿನಲ್ಲೂ ಎಲೆ-ಅಡಿಕೆ ಹಾಕುವ ಹಳೆಯ ರೂಢಿ ಇದೆ, ಮದುವೆಗೆ ಅದು ಬೇಕೇ ಬೇಕು. ಹನೋಯ್ ಸಂತೆಯಲ್ಲಿ ಹಿಂದಿನ ದಿನ ವೀಳ್ಯದೆಲೆ ಕೊಂಡಿದ್ದೆವು. ಎಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿ, ಬಂಡೆಯ ಕಡೆ ನೋಡಿ, “ಇದೆಲ್ಲಾ ಸುಣ್ಣವೇಯನೋ ಅಪ್ಪಿ?” ಅಂದಳು. ನಮ್ಮ ಊರಲ್ಲಿ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ. ಚಿಪ್ಪಿನಿಂದ ಕಲ್ಲು ಹೇಗಾಯಿತು ಎಂದು ಅವಳಿಗೆ ಮುಂದೆ ಹೇಳಬೇಕಾಗಲಿಲ್ಲ.

ದೋಣಿ ಬಂಡೆಗೆ ತೀರ ಹತ್ತಿರ ಹೋದಾಗ ಫೋಟೊ ತೆಗೆಯುವುದನ್ನು ಬಿಟ್ಟು ನೀರಿನ ಗೆರೆಯನ್ನು ನೋಡಿ. ಪ್ರತಿ ದ್ವೀಪದ ಬುಡದಲ್ಲೂ ಒಳಕ್ಕೆ ಕೊರೆದ ಕಚ್ಚು ಇದೆ, ಯಾರೋ ಬಾಚಿಯಿಂದ ಸುತ್ತಲೂ ಕೆತ್ತಿದ ಹಾಗೆ. ಅಲೆ, ನೀರು, ಕಲ್ಲಿಗೆ ಅಂಟಿ ಬದುಕುವ ಜೀವಿಗಳು ಸೇರಿ ಕಡಿದದ್ದು ಅದು. ಕಚ್ಚಿನ ಕೆಳಗೆ ಕಲ್ವದ, ಅಂದರೆ ಬಂಡೆಗೆ ಅಂಟಿ ಬೆಳೆಯುವ ಸಿಂಪಿಯ, ಚಿಪ್ಪುಗಳು ಒತ್ತೊತ್ತಾಗಿ ಬೂದುಬಣ್ಣದ ಪಟ್ಟಿ ಕಟ್ಟಿದ್ದವು, ಪಟ್ಟಿಯ ಮೇಲಂಚು ನೂಲು ಹಿಡಿದಷ್ಟು ನೇರ. ಉಬ್ಬರ ಅಲ್ಲಿಯವರೆಗೆ ಏರುತ್ತದೆ ಎಂದರ್ಥ. ಅಘನಾಶಿನಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹಾ ಲಾಂಗ್‌ನಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ. ಅದು ಗೊತ್ತಾದಾಗ ಆಯಿಗೆ, ಆಮೇಲೆ ಗೈಡ್ ಹುಡುಗಿ ಹೇಳಿದ ಡ್ರ್ಯಾಗನ್ ಕಥೆಗಿಂತ ಹೆಚ್ಚು ಆಶ್ಚರ್ಯವಾಯಿತು.

ಸುಂಗ್ ಸೋಟ್ ಅಂದರೆ ‘ಬೆರಗು’. 1901ರಲ್ಲಿ ಫ್ರೆಂಚರು ಇಟ್ಟ ಹೆಸರಿನ ಅರ್ಥವೂ ಅದೇ. ಮಂಡಿನೋವಿನವರು ಇಲ್ಲಿ ಮೊದಲೇ ಯೋಚಿಸಬೇಕು. ಹೋಗುವ ಬಾಗಿಲು ಬೇರೆ, ಹೊರಬರುವ ಬಾಗಿಲು ಬೇರೆ, ದೋಣಿ ಸುತ್ತಿಬಂದು ಇನ್ನೊಂದು ಕಡೆ ಕಾಯುತ್ತದೆ. ಅರ್ಧದಲ್ಲಿ ತಿರುಗಿ ಬರೋಣವೆಂದರೆ ಹಿಂದಿನಿಂದ ಜನ ಬರುತ್ತಲೇ ಇರುತ್ತಾರೆ. ಇದು ನನಗೆ ಮೊದಲು ತಿಳಿದಿರಲಿಲ್ಲ. ಒಳಗೆ ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ತೇವಕ್ಕೆ ಕಲ್ಲು ಜಾರುತ್ತದೆ. ಆಯಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಮೊಣಕೈ ಹಿಡಿದು ನಿಧಾನ ನಡೆದಳು. ನಾವು ಗುಂಪಿನ ಕೊನೆಯಲ್ಲಿ ಉಳಿದದ್ದರಿಂದ ಒಂದು ಲಾಭವಾಯಿತು. ಎರಡನೆಯ ಅಂಕಣಕ್ಕೆ ಬರುವಷ್ಟರಲ್ಲಿ ನಮ್ಮವರು ಮುಂದೆ ಹೋಗಿ, ಹಿಂದಿನಿಂದ ಬರುವ ಗುಂಪು ಇನ್ನೂ ಬಂದಿರದೆ, ಎರಡು-ಮೂರು ನಿಮಿಷ ಅಷ್ಟು ದೊಡ್ಡ ಜಾಗದಲ್ಲಿ ನಾವಿಬ್ಬರೇ. ಚಾವಣಿಯಿಂದ ಒಂದು ಹನಿ ಬಿದ್ದದ್ದೂ ಕೇಳಿಸಿತು. ಬಣ್ಣದ ದೀಪಗಳನ್ನು ಹಾಕದೆ ಬರೀ ಬಿಳಿ ಬೆಳಕು ಇಟ್ಟಿದ್ದರೆ ಇನ್ನೂ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಲುವನ್‌ನಲ್ಲಿ ಕಯಾಕ್ ಬೇಡವೆಂದು ಬಿದಿರಿನ ದೋಣಿ ತೆಗೆದುಕೊಂಡೆವು, ಹುಟ್ಟು ಹಾಕುವವರು ಅವರೇ ಇರುತ್ತಾರೆ. ನಮ್ಮ ದೋಣಿಯ ಹೆಂಗಸು ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಹಿಂದೆ ನಿಂತು, ಎರಡೂ ಹುಟ್ಟನ್ನು ಮುಂದಕ್ಕೆ ತಳ್ಳಿ, ಇಡೀ ಮೈಯ ಭಾರವನ್ನು ಅದರ ಮೇಲೆ ಬಿಡುತ್ತಿದ್ದಳು. ಬಂಡೆಯ ಬುಡದ ಕಮಾನು ಎಷ್ಟು ತಗ್ಗೆಂದರೆ ಅವಳು ತಲೆಯ ಮೇಲಿನ ತಾಳೆಗರಿ ಟೊಪ್ಪಿಯನ್ನು ಒಂದು ಕೈಯಿಂದ ಒತ್ತಿಕೊಂಡಳು. ಆ ಕತ್ತಲು ದಾಟಿದರೆ ಒಳಗೆ ಸುತ್ತಲೂ ಗೋಡೆಯಂತೆ ಎದ್ದ ಬಂಡೆ, ಮಧ್ಯೆ ಹಸಿರು ನೀರಿನ ಕೊಳ. ಹೊರಗಿನ ಎಂಜಿನ್ನುಗಳ ಸದ್ದು ಪೂರ್ತಿ ನಿಂತುಹೋಯಿತು. ಇಡೀ ದಿನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಇಪ್ಪತ್ತು ನಿಮಿಷ. ಒಂದು ಮೂಲೆಯಲ್ಲಿ ಥರ್ಮೊಕೋಲ್ ಚೂರುಗಳು ತೇಲುತ್ತಿದ್ದವು. ಆ ಹೆಂಗಸು ಬಾಗಿ ಕೈಗೆ ಸಿಕ್ಕಷ್ಟನ್ನು ಎತ್ತಿ ದೋಣಿಯೊಳಗೆ ಹಾಕಿಕೊಂಡಳು, ಆಯಿಯೂ ಎರಡು ಚೂರು ಎತ್ತಿದಳು.

ಟಿ ಟೋಪ್ ದ್ವೀಪದ ಹೆಸರಿನಲ್ಲಿ ರಷ್ಯಾದ ಗಗನಯಾತ್ರಿ ಗೆರ್ಮನ್ ಟಿಟೋವ್ ಇದ್ದಾನೆ. ಭೂಮಿಯನ್ನು ಸುತ್ತಿದ ಎರಡನೆಯ ಮನುಷ್ಯ ಅವನು. 1962ರಲ್ಲಿ ಹೊ ಚಿ ಮಿನ್ ಅವನನ್ನು ಇಲ್ಲಿಗೆ ಕರೆತಂದಿದ್ದರು. ತುದಿಗೆ ನಾನ್ನೂರಕ್ಕೂ ಹೆಚ್ಚು ಕಡಿದಾದ ಮೆಟ್ಟಿಲು. “ಆನು ಇಲ್ಲೇ ಕೂತ್ಗತ್ತಿ, ನೀ ಹತ್ತಿ ಬಾ” ಎಂದು ಆಯಿ ಮರಳಿನ ದಂಡೆಯ ಕಟ್ಟೆಯ ಮೇಲೆ ಕುಳಿತಳು. ನಾನು ಹತ್ತಿದೆ. ಮೇಲಿನಿಂದ ದೋಣಿಗಳೆಲ್ಲ ಅಕ್ಕಿಕಾಳು. ಬಂಡೆಗಳು ಹತ್ತಿರದವು ಹಸಿರು, ಅದರಾಚೆಯವು ನೀಲಿ, ಅದರಾಚೆಯವು ಬೂದಿ, ಕೊನೆಯವು ಇವೆಯೋ ಇಲ್ಲವೋ ಎನ್ನುವ ಹಾಗೆ. ದಿನದ ಕೊನೆಯ ಗುಂಪುಗಳಲ್ಲಿ ನಾವೊಂದಾಗಿದ್ದರಿಂದ ನಿಲ್ಲಲು ಜಾಗ ಸಿಕ್ಕಿತು.

ಇಳಿದು ಬಂದಾಗ ಆಯಿಯ ಪಕ್ಕ ಗೈಡ್ ಹುಡುಗಿ ಕುಳಿತಿದ್ದಳು. ಇಬ್ಬರಿಗೂ ಒಂದು ಭಾಷೆ ಇಲ್ಲ, ಆದರೂ ಮಾತು ನಡೆದಿತ್ತು. ಮರಳುವ ದಾರಿಯಲ್ಲಿ ನಾನು ನಡುವೆ ಕುಳಿತು ಎರಡೂ ಕಡೆಯದನ್ನು ಹೇಳಿದೆ. ಶತ್ರುಗಳು ಬಂದಾಗ ದೇವಲೋಕದಿಂದ ತಾಯಿ ಡ್ರ್ಯಾಗನ್ ಮರಿಗಳೊಡನೆ ಇಳಿದು ಬಂದು ಬಾಯಿಂದ ರತ್ನ ಉಗುಳಿತು, ಅವೇ ದ್ವೀಪಗಳಾದವು ಎಂದಳು ಅವಳು. ಹಾ ಲಾಂಗ್ ಎಂದರೆ ‘ಇಳಿದು ಬಂದ ಡ್ರ್ಯಾಗನ್’. ಮರಿಗಳು ಇಳಿದ ಜಾಗ ಈಶಾನ್ಯದ ಬಾಯ್ ತು ಲಾಂಗ್ ಕೊಲ್ಲಿ. ಆಯಿ ಭಸ್ಮಾಸುರನ ಕಥೆ ಹೇಳಿದಳು. ಶಿವ ಓಡಿದ್ದು, ಮೋಹಿನಿ ಕುಣಿದದ್ದು, ಅಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟದ್ದು, ಯಾಣದ ಮಣ್ಣು ಇವತ್ತಿಗೂ ಕಪ್ಪಿರುವುದು. ಕೈಯಿಡುವ ಜಾಗ ಬಂದಾಗ ನಾನು ಅನುವಾದ ಮಾಡಬೇಕಾಗಲಿಲ್ಲ. ಆಯಿ ಎದ್ದು ನಿಂತು ಅಭಿನಯ ಮಾಡಿ ತೋರಿಸಿದಳು, ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಸೂರ್ಯ ಮುಳುಗಿ ಬಂಡೆಗಳ ಅಂಚು ಮಾತ್ರ ಉಳಿದಿತ್ತು.

ದಂಡೆಗೆ ಆರು ಗಂಟೆ, ಹನೋಯ್‌ಗೆ ಎಂಟೂಮುಕ್ಕಾಲು. ಹೋಟೆಲಿನವರು ಕೊಟ್ಟ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಆಯಿ ತಂಗಿಗೆ ಫೋನ್ ಮಾಡಿದಳು. ಗುಹೆಯ ಮೆಟ್ಟಿಲನ್ನು ತಾನು ಪೂರ್ತಿ ಹತ್ತಿ ಇಳಿದದ್ದನ್ನು ಮೊದಲು ಹೇಳಿ, ಆಮೇಲೆ ಅಲ್ಲಿ ದಿನಕ್ಕೆ ಒಂದೇ ಉಬ್ಬರ ಎಂಬುದನ್ನು ಹೇಳಿದಳು.