ಜನವರಿಯಲ್ಲಿ ಬರ್ಕ್ಲಿ, ಆಗಸ್ಟ್‌ನಿಂದ ಕಮ್ಯುನಿಟಿ ಕಾಲೇಜು: ಸ್ಪ್ರಿಂಗ್ ಅಡ್ಮಿಟ್ ಮಕ್ಕಳ ಮನೆಯವರಿಗೆ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರತಿ ವರ್ಷ ಒಂದಷ್ಟು ಮಕ್ಕಳಿಗೆ ಪ್ರವೇಶ ಕೊಟ್ಟು, ತರಗತಿಗೆ ಮಾತ್ರ ಜನವರಿಯಲ್ಲಿ ಬನ್ನಿ ಎನ್ನುತ್ತದೆ. ಇವರೇ ಸ್ಪ್ರಿಂಗ್ ಅಡ್ಮಿಟ್‌ಗಳು. ನಮ್ಮ ಮಗಳಿಗೂ ಇಂಥದ್ದೇ ಪತ್ರ ಬಂತು. ಸುದ್ದಿ ಕೇಳಿ ದಾವಣಗೆರೆಯಿಂದ ಫೋನ್ ಮಾಡಿದ ನಮ್ಮ ಅತ್ತೆಯವರು, "ಹಾಗಾದರೆ ಸೀಟು ಸಿಕ್ಕಿತೋ ಇಲ್ಲವೋ?" ಎಂದು ಕೇಳಿದರು. ಸಿಕ್ಕಿದೆ ಅತ್ತೆ, ಪೂರ್ತಿ ಸಿಕ್ಕಿದೆ. ಕೊನೆಗೆ ಕೈಗೆ ಬರುವ ಪದವಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಡುವಿನ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಕಾಲವನ್ನು ಹೇಗೆ ಬಳಸಿಕೊಳ್ಳುವುದು ಎಂಬುದಷ್ಟೇ ಪ್ರಶ್ನೆ.

ಬರ್ಕ್ಲಿಯ ಎಕ್ಸ್‌ಟೆನ್ಷನ್ ವಿಭಾಗ ಇಂಥ ಮಕ್ಕಳಿಗಾಗಿಯೇ ಎಫ್‌ಪಿಎಫ್ ಎಂಬ ಆಗಸ್ಟ್-ಡಿಸೆಂಬರ್ ಅವಧಿಯ ಕಾರ್ಯಕ್ರಮ ನಡೆಸುತ್ತದೆ. ಅಲ್ಲಿ ಒಟ್ಟಿಗೆ ಓದುವ ಗೆಳೆಯರು ಸಿಗುತ್ತಾರೆ, ಆದರೆ ಖರ್ಚು ಸಾವಿರಗಟ್ಟಲೆ ಡಾಲರ್. ನಾವು ಫ್ರೀಮಾಂಟ್‌ನಲ್ಲಿರುವುದರಿಂದ ಅಲ್ಲಿನ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಾದ ಓಲೋನಿಯನ್ನು ಆರಿಸಿಕೊಂಡೆವು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಒಂದು ಯೂನಿಟ್‌ಗೆ (ಕೋರ್ಸಿನ ಓದಿನ ಪ್ರಮಾಣದ ಅಳತೆ) 46 ಡಾಲರ್. ಹತ್ತು ಯೂನಿಟ್ ತೆಗೆದುಕೊಂಡರೆ 460; ಅದರ ಮೇಲೆ ಆರೋಗ್ಯ ಶುಲ್ಕ, ಪಾರ್ಕಿಂಗ್, ಪುಸ್ತಕ. ಈ ದರ ಬೇಕಾದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ರಾಜ್ಯದಲ್ಲಿ ನೆಲೆಸಿದ್ದೀರಿ ಎಂದು ದಾಖಲೆ ತೋರಿಸಬೇಕು. ಎಚ್-4 ವೀಸಾದ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಮಕ್ಕಳೂ ಇದಕ್ಕೆ ಅರ್ಹರಾಗಬಹುದು. ತೆರಿಗೆ ಪತ್ರ, ಮನೆ ಬಾಡಿಗೆಯ ಕರಾರು ಇತ್ಯಾದಿಗಳನ್ನು ಮೊದಲೇ ತೆಗೆದಿಡಿ. ನಿವಾಸಿಯಲ್ಲ ಎಂದು ಕಾಲೇಜು ತೀರ್ಮಾನಿಸಿದರೆ ಶುಲ್ಕ ಹಲವು ಪಟ್ಟು ಏರುತ್ತದೆ.

ಕೋರ್ಸ್ ಆರಿಸುವುದು ಇಡೀ ಕೆಲಸದ ಮುಖ್ಯ ಭಾಗ. ಕಾಲೇಜಿನ ತರಗತಿ ಪಟ್ಟಿಯನ್ನು ತೆರೆದುಕೊಂಡು ಯಾವುದು ಚೆನ್ನಾಗಿದೆ ಎಂದು ಹುಡುಕುವವರೇ ಹೆಚ್ಚು. ಅಲ್ಲಿಂದ ಶುರು ಮಾಡಬೇಡಿ. ಮೊದಲು ಅಸಿಸ್ಟ್ ಡಾಟ್ ಆರ್ಗ್ ಜಾಲತಾಣಕ್ಕೆ ಹೋಗಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ಯಾವ ಕೋರ್ಸ್ ಸರ್ಕಾರಿ ವಿಶ್ವವಿದ್ಯಾಲಯಗಳ ಯಾವ ಕೋರ್ಸಿಗೆ ಸಮ ಎಂಬುದರ ಅಧಿಕೃತ ದಾಖಲೆ ಅದು. ವರ್ಷ, ನಿಮ್ಮ ಕಾಲೇಜು, ಬರ್ಕ್ಲಿ, ನಂತರ ಮೇಜರ್ (ಪದವಿಯ ಮುಖ್ಯ ವಿಷಯ) ಅಥವಾ ವಿಭಾಗ ಆರಿಸಿದರೆ ಎಡಗಡೆ ಬರ್ಕ್ಲಿಯ ಕೋರ್ಸ್, ಬಲಗಡೆ ಅದಕ್ಕೆ ಸಮನಾದ ಕಾಲೇಜಿನ ಕೋರ್ಸ್ ಬರುತ್ತದೆ. ಸಮನಾದದ್ದು ಇಲ್ಲದಿದ್ದರೆ ಅದನ್ನೂ ಅಲ್ಲೇ ಬರೆದಿರುತ್ತಾರೆ. ಬಲಗಡೆ ಎರಡು ಕೋರ್ಸ್‌ಗಳಿದ್ದು ನಡುವೆ 'ಆ್ಯಂಡ್' ಎಂದಿದ್ದರೆ ನಿಧಾನಿಸಿ ಓದಿ. ಎರಡನ್ನೂ ಮುಗಿಸಿದರೆ ಮಾತ್ರ ಎಡಗಡೆಯ ಒಂದು ಕೋರ್ಸ್ ತೀರಿದಂತೆ. ಒಂದೇ ಅವಧಿ ಕೈಯಲ್ಲಿರುವ ಸ್ಪ್ರಿಂಗ್ ಅಡ್ಮಿಟ್ ಮಗುವಿಗೆ ಈ ಒಂದು ಪದ ಬಹಳ ಮುಖ್ಯ, ಏಕೆಂದರೆ ರಸಾಯನಶಾಸ್ತ್ರ, ಭೌತಶಾಸ್ತ್ರದಂಥ ಸರಣಿ ಕೋರ್ಸ್‌ಗಳನ್ನು ಅರ್ಧಕ್ಕೆ ಬಿಟ್ಟರೆ ಯೂನಿಟ್ ಸಿಕ್ಕರೂ ಮೇಜರ್‌ಗೆ ಬೇಕಾದ ಕೋರ್ಸ್ ಮುಗಿದ ಲೆಕ್ಕಕ್ಕೆ ಬಾರದೆ ಹೋಗಬಹುದು.

ಕ್ಯೂಪರ್ಟಿನೋ, ಸನ್ನಿವೇಲ್ ಕಡೆಯ ಕನ್ನಡದ ಕುಟುಂಬಗಳು ಇನ್ನೊಂದು ವಿಷಯ ಗಮನಿಸಬೇಕು. ಡಿ ಆನ್ಜಾ ಮತ್ತು ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ಅಂದರೆ ಅಲ್ಲಿನ ಅವಧಿ ಸೆಮಿಸ್ಟರ್‌ಗಿಂತ ಚಿಕ್ಕದು. ಅಲ್ಲಿನ ತರಗತಿ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ಒಂದು ಕ್ವಾರ್ಟರ್ ಯೂನಿಟ್ ಎಂದರೆ ಸೆಮಿಸ್ಟರ್ ಯೂನಿಟ್‌ನ ಮೂರನೇ ಎರಡು ಭಾಗ. ಐದು ಯೂನಿಟ್‌ನ ಕೋರ್ಸ್ ಬರ್ಕ್ಲಿಯಲ್ಲಿ ಮೂರು ಚಿಲ್ಲರೆ ಆಗುತ್ತದೆ. ಕಾಲೇಜುಗಳೇನೋ ಬಹಳ ಒಳ್ಳೆಯವು, ಆದರೆ ಸರಣಿ ಕೋರ್ಸ್ ಬೇಕಿದ್ದರೆ ಸೆಮಿಸ್ಟರ್ ಪದ್ಧತಿಯ ಓಲೋನಿ, ಮಿಷನ್, ವೆಸ್ಟ್ ವ್ಯಾಲಿ ಅಥವಾ ಚಾಬೋ ಕಾಲೇಜಿನ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ.

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಇಂಗ್ಲಿಷ್ ಬರವಣಿಗೆಯ ಕೋರ್ಸ್. ಬರ್ಕ್ಲಿಯಲ್ಲಿ ಓದು ಮತ್ತು ಬರವಣಿಗೆಯ ಎರಡು ಕೋರ್ಸ್ ಕಡ್ಡಾಯ. ಮೊದಲನೆಯದನ್ನು ಕಮ್ಯುನಿಟಿ ಕಾಲೇಜಿನಲ್ಲೇ ತೀರಿಸಿಕೊಂಡರೆ ಜನವರಿಯಲ್ಲಿ ಹೊರೆ ಎದ್ದು ಕಾಣುವಷ್ಟು ಇಳಿಯುತ್ತದೆ. ಇತ್ತೀಚೆಗೆ ರಾಜ್ಯದ ಕಾಲೇಜುಗಳೆಲ್ಲ ಸಮಾನ ಕೋರ್ಸ್ ಸಂಖ್ಯೆಗೆ ಬದಲಾಗುತ್ತಿರುವುದರಿಂದ ಹಿಂದೆ ಇಂಗ್ಲಿಷ್ 1ಎ ಎಂದಿದ್ದದ್ದು ಈಗ ಇಂಗ್ಲಿಷ್ ಸಿ1000 ಎಂದು ಕಾಣಿಸುತ್ತದೆ. ಹಿರಿಯ ಮಕ್ಕಳು ಹೇಳಿದ ಹಳೆಯ ಸಂಖ್ಯೆ ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಎರಡನೆಯದಾಗಿ ಮೇಜರ್‌ಗೆ ಬೇಕಾದ, ಒಂದೇ ಅವಧಿಯಲ್ಲಿ ಮುಗಿಯುವ ಒಂದು ಕೋರ್ಸ್. ಮೂರನೆಯದು ಮಗುವಿನ ಇಷ್ಟದ್ದು. ಅಷ್ಟು ಸಾಕು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಕ್ರೆಡಿಟ್ ಸಿಕ್ಕಿರುವ ವಿಷಯವನ್ನೇ ಮತ್ತೆ ತೆಗೆದುಕೊಂಡರೆ ಕ್ರೆಡಿಟ್ ಒಮ್ಮೆ ಮಾತ್ರ ಎಂಬುದನ್ನು ನೆನಪಿಡಿ.

ಅಂಕಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಕಮ್ಯುನಿಟಿ ಕಾಲೇಜಿನ ಗ್ರೇಡ್ ಬರ್ಕ್ಲಿಯ ಜಿಪಿಎಗೆ (ಗ್ರೇಡ್‌ಗಳ ಸರಾಸರಿ) ಸೇರುವುದಿಲ್ಲ, ಯೂನಿಟ್ ಮಾತ್ರ ಸೇರುತ್ತದೆ ಎಂಬುದು ನಿಜ. ಆದ್ದರಿಂದ ಹೇಗೆ ಓದಿದರೂ ನಡೆಯುತ್ತದೆ ಎಂಬುದು ನಿಜವಲ್ಲ. ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಓದಿದ ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಕಳಿಸಬೇಕು, ಆ ಗ್ರೇಡ್‌ಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಪ್ರವೇಶ ಪತ್ರದ ಷರತ್ತುಗಳನ್ನೂ ಸಾಲು ಸಾಲಾಗಿ ಓದಿ. ಎಷ್ಟು ಯೂನಿಟ್ ತೆಗೆದುಕೊಳ್ಳಬಹುದು ಎಂಬುದರಲ್ಲಿ ಅನುಮಾನವಿದ್ದರೆ ಬರ್ಕ್ಲಿಗೆ ಇಮೇಲ್ ಬರೆಸಿ, ಬಂದ ಉತ್ತರವನ್ನು ಉಳಿಸಿಕೊಳ್ಳಿ. ಸ್ನೇಹಿತರ ಮಾತಿಗಿಂತ ಆ ಇಮೇಲ್ ಮುಖ್ಯ.

ಕಮ್ಯುನಿಟಿ ಕಾಲೇಜಿನ ಅರ್ಜಿ ಸಿಸಿಸಿಅಪ್ಲೈ ಎಂಬ ಜಾಲತಾಣದ ಮೂಲಕ, ಉಚಿತ. ಮೇ ತಿಂಗಳಲ್ಲೇ ಹಾಕಿಸಿ. ಓರಿಯಂಟೇಷನ್ ಮುಗಿಸಿ, ಕೌನ್ಸೆಲರ್ ಜೊತೆ ಕುಳಿತು ಓದಿನ ಯೋಜನೆ ಮಾಡಿಕೊಂಡವರಿಗೆ ನೋಂದಣಿಯ ದಿನಾಂಕ ಬೇಗ ಸಿಗುತ್ತದೆ. ಪೂರ್ವಾರ್ಹತೆ ಇರುವ ಕೋರ್ಸಿಗೆ ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್ ಅಥವಾ ಎಪಿ ಅಂಕಗಳನ್ನು ಮೊದಲೇ ಕೊಟ್ಟು ಅನುಮತಿ ಪಡೆಯಬೇಕು. ನೋಂದಣಿಯ ದಿನ ಇದನ್ನು ಹೊಂದಿಸಲು ಆಗುವುದಿಲ್ಲ. ತರಗತಿ ತುಂಬಿದ್ದರೆ ವೇಟ್‌ಲಿಸ್ಟ್‌ನಲ್ಲಿ ಹೆಸರಿಡಿ, ಮೊದಲ ದಿನ ತಪ್ಪದೆ ತರಗತಿಗೆ ಹೋಗಲಿ. ಬಾರದವರ ಜಾಗಕ್ಕೆ ಅಧ್ಯಾಪಕರು ಅಲ್ಲೇ ಸೇರಿಸಿಕೊಳ್ಳುವುದುಂಟು.

ಇನ್ನೊಂದು ಮಾತು ನಮ್ಮಂಥ ಅಪ್ಪ ಅಮ್ಮಂದಿರಿಗೆ. ಮಗು ಕಾಲೇಜಿಗೆ ಸೇರಿದ ಕ್ಷಣದಿಂದ, ಹದಿನೆಂಟು ತುಂಬದಿದ್ದರೂ, ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾನೂನಿನ ಪ್ರಕಾರ ಅದರ ದಾಖಲೆಗಳ ಹಕ್ಕು ಮಗುವಿನದೇ. ನಾವು ಫೋನ್ ಮಾಡಿ ಗ್ರೇಡ್ ಕೇಳಿದರೆ ಹೇಳುವುದಿಲ್ಲ. ನನಗೆ ಇದು ಒಳ್ಳೆಯದೇ ಅನಿಸಿತು. ನೋಂದಣಿ, ಇಮೇಲ್, ಕೌನ್ಸೆಲರ್ ಭೇಟಿ ಎಲ್ಲವನ್ನೂ ಮಗಳೇ ಮಾಡಿದಳು. ನಾನು ಶುಲ್ಕ ಕಟ್ಟಿದೆ, ಬೇಕಾದಾಗ ಕಾರಿನಲ್ಲಿ ಬಿಟ್ಟು ಬಂದೆ. ಹಗಲು ಕೆಲಸ ಮುಗಿಸಿ ಸಂಜೆ ಬರುವ ತಾಯಂದಿರು, ಸೇನೆಯಿಂದ ಮರಳಿದವರು ಪಕ್ಕದ ಕುರ್ಚಿಯಲ್ಲಿ ಕೂರುವ ತರಗತಿ ಅದು. ಅಲ್ಲಿ ಓದುವುದನ್ನು ನೆಂಟರ ಮುಂದೆ ಮುಚ್ಚಿಡಬೇಡಿ. ಮಗು ಅದನ್ನು ಕೇಳಿಸಿಕೊಳ್ಳುತ್ತದೆ.

ಡಿಸೆಂಬರ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್ ಕಳಿಸುವಾಗ 'ಗ್ರೇಡ್ ಬರುವವರೆಗೆ ತಡೆಹಿಡಿ' ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಬೇಕು. ಇಲ್ಲವಾದರೆ ಗ್ರೇಡ್ ಇಲ್ಲದ ಪ್ರತಿ ಬರ್ಕ್ಲಿ ತಲುಪಿ, ಮತ್ತೆ ಹಣ ಕೊಟ್ಟು ಇನ್ನೊಂದನ್ನು ಕಳಿಸಬೇಕಾಗುತ್ತದೆ. ಪ್ರತಿ ಕೋರ್ಸಿನ ಸಿಲಬಸ್ಸನ್ನು ಪಿಡಿಎಫ್ ಆಗಿ ಉಳಿಸಿಡಲಿ. ಅಸಿಸ್ಟ್‌ನಲ್ಲಿ ಇಲ್ಲದ ಕೋರ್ಸನ್ನು ವಿಭಾಗದವರು ಪರಿಶೀಲಿಸುವಾಗ ಮೊದಲು ಕೇಳುವುದು ಅದನ್ನೇ. ಫೆಬ್ರವರಿಯಲ್ಲಿ ಬರ್ಕ್ಲಿಯ ಖಾತೆ ತೆರೆದು ಯೂನಿಟ್‌ಗಳು ಸೇರಿವೆಯೇ ಎಂದು ನೋಡಲಿ, ಸೇರಿರದಿದ್ದರೆ ಅದೇ ವಾರ ಸಲಹೆಗಾರರನ್ನು ಕಾಣಲಿ.