ಒಂದನೇ ಸ್ಕ್ವಾಡ್ರನ್ನಿನ ಒಂದು ಬೆಳಗನ್ನು ಜೋಡಿಸಿದ ಬಗೆ

ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ 1965ರ ಯುದ್ಧದ ದಿನಗಳನ್ನು ಬರೆಯಲು ಹೊರಟಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 7ರ ಬೆಳಗನ್ನು. ಅಂದು ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಮಿಸ್ಟೇರ್ ಯುದ್ಧವಿಮಾನಗಳು ಬೆಳಕು ಹರಿಯುವ ಮೊದಲೇ ಪಂಜಾಬಿನ ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ಮೀಸಲು ಪೈಲಟ್ ಆಗಿದ್ದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರೂ ಅದರಲ್ಲಿ ಸೇರಿಕೊಂಡರು. ತಂಡ ಹಿಂದಿರುಗಿದಾಗ ಅವರು ಬರಲಿಲ್ಲ. ನಮ್ಮ ಕಡೆಯ ದಾಖಲೆಯಲ್ಲಿ ಬಹುಕಾಲ ಅವರ ಕುರಿತು ಇದ್ದದ್ದು ‘ಕಾಣೆಯಾಗಿದ್ದಾರೆ’ ಎಂಬುದಷ್ಟೇ.

ನನ್ನ ಕೆಲಸದ ಆಧಾರ ಪೈಲಟ್‌ಗಳ ಲಾಗ್‌ಬುಕ್. ದಿನಾಂಕ, ವಿಮಾನದ ಮಾದರಿ, ಅದರ ಸಂಖ್ಯೆ, ವಹಿಸಿದ ಕೆಲಸ, ಹಾರಾಟದ ಅವಧಿ: ಒಂದು ಯುದ್ಧಕಾರ್ಯಾಚರಣೆಗೆ ಅದರಲ್ಲಿ ಸಿಗುವುದು ಒಂದೇ ಸಾಲು. ಆದರೆ ಒಂದೇ ದಾಳಿಗೆ ಹೋದವರ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ಯಾರು ಯಾರೊಂದಿಗೆ ಹಾರಿದರು, ಯಾರು ಬೇಗ ಮರಳಿದರು ಎಂಬುದು ತಾನಾಗಿಯೇ ತೆರೆದುಕೊಳ್ಳುತ್ತದೆ. ಅವಧಿಯ ಅಂಕಿಯನ್ನು ನಾನು ವಿಶೇಷವಾಗಿ ನೋಡುತ್ತೇನೆ, ಏಕೆಂದರೆ ಸರ್ಗೋಧಾ ಮಿಸ್ಟೇರ್‌ನ ವ್ಯಾಪ್ತಿಯ ಅಂಚಿನಲ್ಲಿತ್ತು. ದಾರಿಯಲ್ಲಿ ಕಾದಾಟಕ್ಕಿಳಿದವರಿಗೆ ಮನೆ ತಲುಪುವಷ್ಟು ಇಂಧನ ಉಳಿಯುವುದು ಕಷ್ಟವಿತ್ತು.

ಎರಡೂ ಕಡೆಯ ವಿವರಗಳನ್ನು ಹೋಲಿಸುವಾಗ ಗಡಿಯಾರವನ್ನು ಮರೆಯಬಾರದು. ಅಂದಿನ ಪಶ್ಚಿಮ ಪಾಕಿಸ್ತಾನದ ಸಮಯ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದಿತ್ತು. ಅವರು ಐದೂವರೆ ಎಂದರೆ ನಮ್ಮಲ್ಲಿ ಆರು. ಇದನ್ನು ಸರಿಪಡಿಸಿಕೊಳ್ಳದೆ ಓದಿದರೆ ಒಂದೇ ಘಟನೆ ಎರಡಾಗಿ ಕಾಣುತ್ತದೆ, ಇಲ್ಲವೇ ಬೇರೆ ಬೇರೆ ಘಟನೆಗಳು ಒಂದರಲ್ಲೊಂದು ಕಲಸಿಹೋಗುತ್ತವೆ.

ದೇವಯ್ಯನವರ ಕೊನೆಯ ಕಾದಾಟವನ್ನು ನಮ್ಮವರು ಯಾರೂ ಕಂಡಿರಲಿಲ್ಲ. ಅದು ಬೆಳಕಿಗೆ ಬಂದದ್ದು ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಪ್ರಕಟಿಸಿದ ಬರಹದಿಂದ. ಅವರನ್ನು ಅಡ್ಡಗಟ್ಟಿದ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗ ಮುಟ್ಟಬಲ್ಲ ವಿಮಾನ. ಮಿಸ್ಟೇರ್ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟಲಾರದು. ಅಮ್ಜದ್ ಅವರ ಹೊಡೆತ ತಿಂದ ಆ ಮಿಸ್ಟೇರ್ ವಿಮಾನದಲ್ಲೇ ದೇವಯ್ಯನವರು ತಿರುಗಿ ಎದುರಿಸಿ ಗುಂಡು ಹಾರಿಸಿದರು. ಅಮ್ಜದ್ ವಿಮಾನ ಬಿಟ್ಟು ಹೊರಜಿಗಿದು ಬದುಕಿದರು; ದೇವಯ್ಯನವರು ಉಳಿಯಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಎದುರಾಳಿಯ ಕಾಗದಪತ್ರ ಓದದೆ ಬರೆದ ಸ್ಕ್ವಾಡ್ರನ್ ಇತಿಹಾಸವನ್ನು ನಾನು ಅರ್ಧ ಇತಿಹಾಸವೆಂದೇ ಎಣಿಸುವುದು ಈ ಕಾರಣಕ್ಕೆ.

ನಿವೃತ್ತ ಪೈಲಟ್‌ಗಳನ್ನು ಮಾತನಾಡಿಸುವಾಗ ‘ಯುದ್ಧ ಹೇಗಿತ್ತು’ ಎಂದು ನಾನು ಕೇಳುವುದಿಲ್ಲ. ನಕ್ಷೆ ಹರಡಿ, ‘ನೀವು ಯಾರ ಬಲಕ್ಕಿದ್ದಿರಿ, ಸರ್? ಕೆಳಗೆ ಏನು ಕಾಣುತ್ತಿತ್ತು?’ ಎನ್ನುತ್ತೇನೆ. ಹಲವು ಬಾರಿ ಹೇಳಿ ಹದಗೊಂಡ ಕಥೆಯ ಬದಲು ಆಗ ನೆನಪು ಬರುತ್ತದೆ: ನಾಲೆಯ ತಿರುವು, ಹೊಲಗಳ ಮೇಲಿನ ಮಬ್ಬು, ಮುಂದಿನ ವಿಮಾನದ ಬಾಲ. ಎಷ್ಟು ಶತ್ರುವಿಮಾನಗಳು ನಾಶವಾದವೆಂಬ ಲೆಕ್ಕವನ್ನು ಮಾತ್ರ ಎದುರು ಕಡೆಯ ನಷ್ಟದೊಂದಿಗೆ ತಾಳೆಯಾಗುವವರೆಗೆ ‘ಹೇಳಿಕೆ’ ಎಂಬ ಕಲಮಿನಲ್ಲೇ ಇಡುತ್ತೇನೆ, ಹೇಳಿದವರು ಎಷ್ಟೇ ಗೌರವಾನ್ವಿತರಾಗಿದ್ದರೂ.

ಈಗ ನಾನು ಹುಡುಕುತ್ತಿರುವುದು ಆ ಕತ್ತಲಿನಲ್ಲಿ ಮಿಸ್ಟೇರ್‌ಗಳಿಗೆ ಇಂಧನ ತುಂಬಿ, ಅವುಗಳ ಫಿರಂಗಿಗಳಿಗೆ ಗುಂಡು ಏರಿಸಿದ ನೆಲಸಿಬ್ಬಂದಿಯನ್ನು. ಅವರಿಗೆ ಲಾಗ್‌ಬುಕ್ ಇರಲಿಲ್ಲವಾದ್ದರಿಂದ ಅವರ ಮನೆಗಳಲ್ಲಿ ಉಳಿದ ಪತ್ರಗಳು, ಗುಂಪುಚಿತ್ರಗಳ ಬೆನ್ನಿನ ಮೇಲೆ ಬರೆದಿಟ್ಟ ಹೆಸರುಗಳು, ಇವೇ ನನಗಿರುವ ದಾರಿ.